ಹರಿಹರಕ್ಕೆ ಹೋಗಿಬರುತ್ತಿದ್ದವಳು

"ಒಸಿ ಎತ್ತಿ ಹಿಡೀರೆ, ಕುತ್ತಿಗೆ ವಾಲ್ತಾ ಐತೆ," ಎಂದಳು ಮರುಳಸಿದ್ದಮ್ಮ.

ಇಬ್ಬರು ಹೆಂಗಸರು ಕಸ್ತೂರಮ್ಮನ ಭುಜ ಹಿಡಿದು ಗೋಡೆಗೆ ಒರಗಿಸಿದರು. ಕೂರಿಸಿದ ದೇಹ ಜಾರದಂತೆ ಎದೆಯ ಮೇಲಿಂದ ಬಿಳಿ ಬಟ್ಟೆ ತಂದು ಕಿಟಕಿಯ ಸರಳಿಗೆ ಕಟ್ಟಿದ ಮರುಳಸಿದ್ದಮ್ಮ, ನೀರಿನಲ್ಲಿ ಕಲಸಿದ ವಿಭೂತಿಯನ್ನು ಹಣೆಗೆ ಮೂರು ಬೆರಳಲ್ಲಿ ಎಳೆದಳು. ಪಕ್ಕದ ಮನೆಯವಳಾದ ಅವಳೇ ಬೆಳಿಗ್ಗೆಯಿಂದ ಎಲ್ಲವನ್ನೂ ಮಾಡುತ್ತಿದ್ದಳು. ಬಾಗಿದಾಗ ಕಿವಿಯ ತೂತಿನಲ್ಲಿ ಓಲೆಯ ಬದಲು ಸಿಕ್ಕಿಸಿದ್ದ ಬೇವಿನ ಕಡ್ಡಿ ಕಾಣುತ್ತಿತ್ತು.

"ರೊಟ್ಟಿ ಬಡಿಯೋವಾಗ ಹಿಂಗೇ ಕುಂತಿರ್ತಿದ್ಲು ನೋಡ್ರಿ. ಇನ್ನು ನನ್ನ ಬೈಯೋದೊಂದು ಬಾಕಿ," ಎಂದು ನಗಲು ಹೋಗಿ ಅತ್ತಳು.

ನಯನಾ ಅವ್ವನ ಕಾಲ ಬಳಿ ಕುಳಿತಿದ್ದಳು. ಬಿ.ಎ. ಮುಗಿಸಿ ವರ್ಷವಾದರೂ ಬಂದವರ ಮುಖ ನೋಡಿ ಮಾತಾಡುವುದು ಅವಳಿಗೆ ಇನ್ನೂ ಬಂದಿರಲಿಲ್ಲ. ಈಗಂತೂ ಅವಳ ತಲೆಯಲ್ಲಿ ಒಂದೇ ಯೋಚನೆ. "ಸಾರಥಿ ಊರಾಗಿನ ನನ್ನ ಹೊಲದಾಗ ನಿಮ್ಮಪ್ಪನ ಮಗ್ಗುಲಿಗೇ ಕೂಡಿಸು," ಎಂದು ಅವ್ವ ಆಸ್ಪತ್ರೆಯಲ್ಲಿ ಹೇಳಿದ್ದಳು. ಆ ಹೊಲದ ಸುತ್ತ ಉಳುತ್ತಿರುವವನು ಚಿಕ್ಕಪ್ಪ ಮುರುಗೇಶಪ್ಪ. ಅವನು ಸಾರಥಿಯಿಂದ ಬರಬೇಕಿತ್ತು. ಬಂದು ಹೂಂ ಅನ್ನಬೇಕಿತ್ತು.

ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟರು. ನರೆತ ಗಡ್ಡ, ಬಿಳಿ ಟೋಪಿ, ಕಂಕುಳಲ್ಲಿ ಚರ್ಮದ ಚೀಲ. ನಯನಾ ಅರ್ಧ ಎದ್ದು ಮತ್ತೆ ಕುಳಿತಳು. ನಸುಕಿನಲ್ಲಿ ಎಸ್‌ಟಿಡಿ ಬೂತಿನಿಂದ ಈ ಅಬ್ದುಲ್ ರಹೀಮರಿಗೆ ಫೋನು ಮಾಡಿ, "ಚಿಕ್ಕಪ್ಪ ಬ್ಯಾಡ ಅಂದ್ರೆ ಏನ್ ಮಾಡ್ಲಿ ಸರ್, ನೀವು ಬರ್ಬೇಕು," ಎಂದು ಅತ್ತವಳು ಅವಳೇ.

"ಯಾರವ್ವ ಇವ್ರು?" ಮರುಳಸಿದ್ದಮ್ಮ ಕೇಳಿದಳು.

ಮನೆ ತುಂಬ ಓಣಿಯ ಜನ. ಎಲ್ಲರ ಕಣ್ಣೂ ಇತ್ತ.

"ಹರಿಹರದೋರು ಅತ್ತೆ. ಅವ್ವನ ಹತ್ರ... ರೊಟ್ಟಿ ತಗೊಳ್ತಿದ್ರು."

ಅಬ್ದುಲ್ ರಹೀಮರು ಒಂದು ಗಳಿಗೆ ನಯನಾಳ ಮುಖ ನೋಡಿದರು. "ಹೌದಮ್ಮ," ಎಂದರು ಮರುಳಸಿದ್ದಮ್ಮನ ಕಡೆ ತಿರುಗಿ, "ಭಾಳ ತಿಂದೀನಿ ಇವರ ಕೈ ರೊಟ್ಟಿ." ಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡು ಹೊಸ್ತಿಲ ಆಚೆಯೇ ಕುಳಿತರು.

*

ಅಪ್ಪ ತೀರಿದ ಮೇಲೆ ಸಾರಥಿಯಿಂದ ಭತ್ತ ಬರುವುದು ನಿಂತಿತ್ತು. ಕೇಳಲು ಹೋದರೆ ಮುರುಗೇಶಪ್ಪ, "ಗಂಡುಮಕ್ಕಳು ಇಲ್ಲದ ಮನಿಗೆ ಪಾಲು ಎಲ್ಲಿಂದ ಬರ್ಬೇಕತ್ತಿಗಿ?" ಎಂದಿದ್ದ. ತಾವಿದ್ದ ದಾವಣಗೆರೆಯಲ್ಲೇ ತಾಯಿ ಮಗಳು ಒಬ್ಬ ವಕೀಲರ ಮನೆಗೆ ಹೋದರು. ಕಸ್ತೂರಮ್ಮ ಕೂರುವ ಮೊದಲೇ ಗುಮಾಸ್ತ ಫೀಜಿನ ಮಾತು ತೆಗೆದ. ಕೂರದೆ ಬಂದಳು.

ಹೊಲ ಹರಿಹರ ತಾಲೂಕಿನದು, ಅಲ್ಲಿನ ಕೋರ್ಟಿಗೇ ಹೋಗಬೇಕು ಎಂದು ಯಾರೋ ಹೇಳಿದರು. ಅಲ್ಲಿ ಮರದ ಕೆಳಗೆ ಟೈಪು ಮಾಡುವವನನ್ನು ಕೇಳಿದರೆ, "ಹೆಣ್ಮಕ್ಕಳಿಗೆ ಪುಕ್ಕಟೆ ವಕೀಲರನ್ನ ಕೊಡ್ತಾರಲ್ರಿ, ಮೂಲೆ ರೂಮಿಗೆ ಹೋಗ್ರಿ," ಎಂದ. ಬಾಗಿಲ ಮೇಲೆ ಹೊಸ ಬೋರ್ಡು ಇತ್ತು.

"ತಾಲ್ಲೂಕು ಕಾನೂನು ಸೇವೆಗಳ..."

"ಜೋರಾಗಿ ಓದಬ್ಯಾಡ," ಎಂದು ಅವ್ವ ನಯನಾಳನ್ನು ಚಿವುಟಿದಳು.

ಸಮಿತಿಯವರು ಗೊತ್ತುಮಾಡಿದ ವಕೀಲರು ಅಬ್ದುಲ್ ರಹೀಮ್. ಪೂರ್ತಿ ಕೇಳಿಸಿಕೊಂಡು ಅವರು ವಕಾಲತ್ತಿಗೆ ರುಜು ಹಾಕಲು ಹೇಳಿದಾಗ ಕಸ್ತೂರಮ್ಮ ಪೆನ್ನು ಹಿಡಿದು ಸುಮ್ಮನೆ ಕುಳಿತಳು.

"ಯಾಕಮ್ಮ?"

"ಮಠದ ದಾಸೋಹದಾಗ ಉಂಡ್ರೆ ಪ್ರಸಾದ ಅಂತಾರ್ರಿ. ಇಲ್ಲಿ ತಗೊಂಡ್ರೆ ಭಿಕ್ಷೆ ಅಂತಾರ."

"ನನಗೆ ಕೊಡೋದನ್ನ ಸಮಿತಿಯೋರೇ ಕೊಡ್ತಾರ. ಹೆಣ್ಮಕ್ಕಳಿಗೆ ವರಮಾನ ಎಷ್ಟು ಅಂತಾನೂ ಕೇಳಂಗಿಲ್ಲ. ಭಿಕ್ಷೆ ಅಲ್ಲಮ್ಮ ಇದು, ಕಾನೂನು."

"ಇರ್ಲಿ ಬಿಡ್ರಿ. ಆದ್ರೆ ನಮ್ಮ ಓಣಿಗೆ ಗೊತ್ತಾಗೋದು ಬ್ಯಾಡ."

ರುಜು ಹಾಕಿದಳು. ಮುಂದಿನ ವಾಯಿದೆಗೆ ಬರುವಾಗ ಬಟ್ಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಳು. ಅವರು ಬೇಡವೆಂದರೂ ಕೇಳದೆ ಪ್ರತಿ ಸಲವೂ ತಂದಳು. ಬರಿಗೈಲಿ ಬಂದರೆ ಮೆಟ್ಟಿಲು ಹತ್ತಲು ಕಾಲು ಬರುವುದಿಲ್ಲ ಎನ್ನುತ್ತಿದ್ದಳು.

*

"ಹರಿಹರೇಶ್ವರನಿಗೆ ನಡ್ಕೊಳ್ತಾ ಇದೀನಿ," ಎಂದು ಓಣಿಗೆಲ್ಲ ಹೇಳಿದ್ದಳು ಕಸ್ತೂರಮ್ಮ. ವಾಯಿದೆ ಇದ್ದ ದಿನ ತಲೆಗೆ ನೀರು ಹಾಕಿಕೊಂಡು, ಹೂ ತೆಗೆದುಕೊಂಡು ಹೊರಡುತ್ತಿದ್ದಳು. ಬಸ್ಸು ಇಳಿದು ಮೊದಲು ಗುಡಿಗೆ ಹೋಗಿಯೇ ಆಮೇಲೆ ಕೋರ್ಟಿಗೆ ಹೋಗುವುದು. ಹಾಗಾಗಿ ಹೇಳಿದ್ದು ಸುಳ್ಳೂ ಆಗುತ್ತಿರಲಿಲ್ಲ.

ಆ ದಿನಗಳಲ್ಲೇ, ಪಕ್ಕದಲ್ಲಿ ಬಾಡಿಗೆಗಿದ್ದ ಮರುಳಸಿದ್ದಮ್ಮನಿಗೆ ಆನೆಕೊಂಡದಲ್ಲಿದ್ದ ಗಂಡನ ಮನೆ ತಪ್ಪಿಸಲು ಅವನ ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿದ್ದರು. ದಾವಣಗೆರೆ ಕೋರ್ಟಿನ ಅಂಗಳದಲ್ಲಿ ಸಿಕ್ಕ ಬಿಳಿ ಅಂಗಿಯವನೊಬ್ಬ, ವಕೀಲರನ್ನು ಹಿಡಿದುಕೊಡುತ್ತೇನೆಂದು ಅವಳ ಬೆಂಡೋಲೆ ಬಿಚ್ಚಿಸಿಕೊಂಡು ಹೋದವನು ಮತ್ತೆ ಕಾಣಲಿಲ್ಲ.

ಕಸ್ತೂರಮ್ಮ ಹರಿಹರಕ್ಕೆ ಹೊರಟಾಗಲೆಲ್ಲ ಅವಳು ಓಡಿಬಂದು ಒಂದು ತೆಂಗಿನಕಾಯಿ ಕೊಡುತ್ತಿದ್ದಳು. "ನನ್ನ ಹೆಸರಲ್ಲಿ ಒಡಿಸ್ಕೊಂಡು ಬಾರೆ. ನನ್ನ ಪರವಾಗಿ ಮಾತಾಡೋರು ಇನ್ಯಾರದಾರ, ಆ ದೇವ್ರೇ."

ಒಮ್ಮೆ ಬಸ್ಸಿನಲ್ಲಿ ನಯನಾ ಕೇಳಿದ್ದಳು. "ಅವ್ವ, ಸಿದ್ದಮ್ಮತ್ತೆಗೆ ನಮ್ಮ ವಕೀಲರ ವಿಷಯ ಹೇಳ್ಬಾರ್ದಾ? ದಾವಣಗೆರೆ ಕೋರ್ಟಲ್ಲೂ ಇಂಥ ಸಮಿತಿ ಇರ್ತೈತಂತೆ."

ಕಸ್ತೂರಮ್ಮ ತೊಡೆಯ ಮೇಲಿದ್ದ ಕಾಯಿಯ ಜುಟ್ಟು ನೇವರಿಸುತ್ತ ಕಿಟಕಿಯಾಚೆ ನೋಡಿದಳು. "ಹೇಳಿದ್ರೆ, ಇಷ್ಟು ದಿನ ನಾನು ಹೋಗಿದ್ದು ಎಲ್ಲಿಗೆ ಅಂತ ಕೇಳ್ತಾಳೆ. ನಮ್ಮದೊಂದು ಮುಗೀಲಿ. ಆಮ್ಯಾಲೆ ಹೇಳೋಣ."

ನಯನಾ ಮತ್ತೆ ಕೇಳಲಿಲ್ಲ. ಅವ್ವ ಬೇಡ ಎಂದದ್ದು ಅವಳಿಗೂ ಹಗುರವೆನಿಸಿತ್ತು. ಕಾಲೇಜಿನ ಗೆಳತಿಯೊಬ್ಬಳ ಅಪ್ಪ ದೊಡ್ಡ ವಕೀಲರು; ಪುಕ್ಕಟೆ ವಕೀಲರ ಸುದ್ದಿ ಅವಳ ಕಿವಿಗೆ ಬೀಳುವುದು ನಯನಾಳಿಗೆ ಬೇಡವಾಗಿತ್ತು.

*

ಮುರುಗೇಶಪ್ಪ ಬಂದು ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು ಅತ್ತಿಗೆಯ ಕಾಲಿಗೆ ನಮಸ್ಕರಿಸಿದ. ಜಂಗಮರಾದ ಪಾಲಯ್ಯನವರು, "ಏನಪ್ಪ, ಗುಣಿ ತೆಗ್ಸಾಕ ಹೇಳಿಯೇನು ಸಾರಥಿಯಾಗ?" ಎಂದು ಕೇಳಿದರು.

"ಅಲ್ಲಿ ಆಗಂಗಿಲ್ರಿ ಅಯ್ಯಾರೆ. ಭತ್ತದ ಗದ್ದಿಗೆ ನೀರು ಬಿಟ್ಟೀನಿ, ಟ್ರ್ಯಾಕ್ಟರ್ ಇಳಿಯಂಗಿಲ್ಲ. ಇಲ್ಲೇ ರುದ್ರಭೂಮಿ ಐತಲ್ಲ."

"ಚಿಕ್ಕಪ್ಪ, ಅವ್ವ ಹೇಳಿದ್ಲು..." ನಯನಾಳ ದನಿ ಅವಳಿಗೇ ಕೇಳಿಸಲಿಲ್ಲ.

"ಹೇಳಿರ್ತಾಳವ್ವ. ಸಾಯೋರು ಏನೇನೋ ಹೇಳ್ತಾರ." ಅವನ ಕಣ್ಣು ಹೊಸ್ತಿಲ ಕಡೆ ಹೊರಳಿತು. "ಓಹೋ! ಧರ್ಮದ ವಕೀಲ್ರೂ ಬಂದಾರ! ಏನ್ ಸಾಹೇಬ್ರೆ, ಹೆಣದ ಮುಂದೂ ಪುಕ್ಕಟೆ ಕೇಸು ನಡಸ್ತೀರೇನು?"

"ವಕೀಲ್ರಾ?" ಎಂದರು ಯಾರೋ. ಬಿಲ್ವಪತ್ರೆಯ ಹಾರ ಪೋಣಿಸುತ್ತಿದ್ದ ಮರುಳಸಿದ್ದಮ್ಮನ ಕೈ ಹಾಗೇ ನಿಂತಿತು.

ರಹೀಮರು ಎದ್ದು ನಿಂತರು. "ನಾನು ರೊಟ್ಟಿ ತಗೊಂತಿದ್ದವನು ಅಂತ ಬಂದೀನಿ ಮುರುಗೇಶಪ್ಪನೋರೆ. ಇನ್ನೊಂದು ಮಾತು ಆಡ್ಬೇಕು ಅಂದ್ರೆ ಈ ಹುಡುಗಿ ಹೇಳ್ಬೇಕು."

ನಯನಾ ಅವ್ವನ ಪಾದ ನೋಡಿದಳು. ಅರಿಸಿನವಿಲ್ಲದ, ಬಿರಿದ ಪಾದ. ನೆಲ ನೋಡುತ್ತಲೇ ಹೇಳಿದಳು: "ಮಾತಾಡ್ರಿ ಸರ್. ನೀವು ನಮ್ಮವ್ವನ ವಕೀಲರು. ನಾನಾಗ್ಲೇ... ಸುಳ್ಳು ಹೇಳಿದೆ."

ರಹೀಮರು ಪಾಲಯ್ಯನವರ ಕಡೆ ತಿರುಗಿದರು. "ಲೋಕ ಅದಾಲತ್‌ನಲ್ಲಿ ರಾಜಿ ಆಗೈತೆ ಅಯ್ಯನೋರೆ. ಉಳೋಕೆ ಬರಲ್ಲ ಅಂತ ಹಿರೇರ ಗದ್ದುಗೆಗಳಿರೋ ಮೂಲೇನೇ ಇವರು ಅತ್ತಿಗೆ ಪಾಲಿಗೆ ಬಿಟ್ಟುಕೊಟ್ರು. ನಾನು ಬ್ಯಾಡ, ನೀರಾವರಿ ಕೇಳೋಣ ಅಂದೆ. ಅಮ್ಮ ಅದೇ ಸಾಕು ಅಂದ್ರು. ಅಲ್ಲಿಗೆ ಹೋಗೋ ದಾರೀನೂ ಸೇರೈತೆ. ಮುರುಗೇಶಪ್ಪನೋರೇ ರುಜು ಹಾಕ್ಯಾರ. ಅವರ ಜಾಗದಲ್ಲಿ ಅವರು ಕೂಡೋಕೆ ಯಾರನ್ನೂ ಕೇಳಬೇಕಾಗಿಲ್ಲ."

"ಹಂಗಾದ್ರೆ ನಿಮ್ಮಪ್ಪ, ನಿಮ್ಮವ್ವ ಈಗ ಅತ್ತಿಗಿ ನೆಲದಾಗ ಕುಂತಾರ ಅನ್ನು," ಎಂದರು ಪಾಲಯ್ಯನವರು ಮುರುಗೇಶಪ್ಪನಿಗೆ. ಯಾರೋ ಕಿಸಕ್ಕೆಂದರು. "ನಾಳೆ ನೀನೂ ಅಲ್ಲಿಗೇ ಹೋಗ್ಬೇಕಲ್ಲಪ್ಪ. ಹೊತ್ತಾತು, ಏಳ್ರಿ."

ಮುರುಗೇಶಪ್ಪ ಟವೆಲ್ಲು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡ. ಗದ್ದೆಯ ನೀರು ನಿಲ್ಲಿಸಲು ಆಳಿಗೆ ಫೋನು ಮಾಡಬೇಕು ಎನ್ನುತ್ತ ಹೊರಗೆ ಹೋದ.

*

ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಹೂ ಕಟ್ಟಿದ ಕುರ್ಚಿಯ ಮೇಲೆ ಕಸ್ತೂರಮ್ಮ. ಕುರ್ಚಿಯ ಕಾಲು ಹಿಡಿದು ಎದುರುಬದುರು ನಯನಾ ಮತ್ತು ಮರುಳಸಿದ್ದಮ್ಮ. ಹರಿಹರ ದಾಟಿ, ಗುಡಿಯ ದಾರಿ ಹಿಂದೆ ಬಿದ್ದ ಮೇಲೆ ಮರುಳಸಿದ್ದಮ್ಮ ಕೇಳಿದಳು:

"ಅಂದ್ರೆ, ಕೋರ್ಟಿಗೆ ಹೋಗ್ತಿದ್ರಿ ನೀವು."

ನಯನಾ ತಲೆಯಾಡಿಸಿದಳು.

"ನನ್ನ ಕಾಯಿ?"

"ಒಡಿಸ್ತಿದ್ಲು ಅತ್ತೆ. ಒಂದ್ಸಲಾನೂ ತಪ್ಪಿಸ್ಲಿಲ್ಲ."

"ಹೌದಾ," ಎಂದಳು ಮರುಳಸಿದ್ದಮ್ಮ. ಗಾಳಿಗೆ ಜಾರುತ್ತಿದ್ದ ಕಸ್ತೂರಮ್ಮನ ಸೆರಗನ್ನು ಎತ್ತಿ ತಲೆಯ ಮೇಲೆ ಸರಿಮಾಡಿದಳು.

ಗುಣಿಯಲ್ಲಿ ಕೂಡಿಸಿದರು. ಪಾಲಯ್ಯನವರು ತಲೆಗೆ ಪಾದ ಮುಟ್ಟಿಸಿದ ಮೇಲೆ ಬಿಲ್ವಪತ್ರೆ, ವಿಭೂತಿ ಬಿದ್ದವು. ಎಲ್ಲರೂ ಹಿಡಿ ಮಣ್ಣು ಹಾಕಿದರು. ಬದುವಿನ ಮೇಲೆ ನಿಂತಿದ್ದ ರಹೀಮರೂ ಬಂದು ತಮ್ಮ ರೂಢಿಯಂತೆ ಮೂರು ಹಿಡಿ ಹಾಕಿದರು.

ಜನ ಕೈಕಾಲು ತೊಳೆಯಲು ಪಂಪ್‌ಸೆಟ್ಟಿನ ತೊಟ್ಟಿಯ ಬಳಿ ಸೇರಿದಾಗ, ಮರುಳಸಿದ್ದಮ್ಮ ತಲೆ ಮೇಲೆ ಸೆರಗು ಹೊದ್ದು ರಹೀಮರ ಮುಂದೆ ನಿಂತಿದ್ದು ನಯನಾಳಿಗೆ ಕಂಡಿತು. ಮಾತು ತುಂಡುತುಂಡಾಗಿ ಕೇಳುತ್ತಿತ್ತು.

"...ಯಾರೂ ಹಾಜರಾಗಿಲ್ಲ ಅಂತ ಅವರ ಕಡೆಗೇ ತೀರ್ಪಾತ್ರಿ. ಮನಿ ಕೆಡವಿ ಮಳಿಗಿ ಕಟ್ಟ್ಯಾರ."

"ಆವಾಗ್ಲೇ ಬಂದಿದ್ರೆ ತಡೆ ತರಬಹುದಿತ್ತಮ್ಮ." ರಹೀಮರು ಚೀಲವನ್ನು ಕಂಕುಳಿಗೆ ಏರಿಸಿಕೊಂಡರು. "ಈಗ ಕಷ್ಟ. ಆದ್ರೂ ಒಮ್ಮೆ ಬರ್ರಿ, ನೋಡೋಣ. ಯಾರೂ ಹೇಳಲಿಲ್ವಾ ನಿಮಗೆ?"

"ನಂಗ್ಯಾರು ಹೇಳ್ತಾರ್ರಿ," ಎಂದಳು ಅವಳು.

ಜನ ಟ್ರ್ಯಾಕ್ಟರಿನತ್ತ ನಡೆದರು. ನಯನಾ ತೊಟ್ಟಿಯ ಪಕ್ಕ ಕೆಸರುಗಾಲಲ್ಲಿ ನಿಂತೇ ಇದ್ದಳು. ಮರುಳಸಿದ್ದಮ್ಮ ಬಂದಳು. ಅವಳು ಬೈಯಲೆಂದು ನಯನಾ ಕಾದಳು. ಮರುಳಸಿದ್ದಮ್ಮ ತೊಟ್ಟಿಯಲ್ಲಿ ಚೊಂಬು ಅದ್ದಿ, ಬಾಗಿ, ನಯನಾಳ ಬಲಗಾಲಿಗೆ ನೀರು ಹುಯ್ದಳು. ಬೆರಳ ಸಂದಿಯ ಮಣ್ಣನ್ನು ಕೈಯಿಂದಲೇ ತಿಕ್ಕಿದಳು.

ಮತ್ತೆ ಚೊಂಬು ತುಂಬಿಕೊಂಡಳು.

"ಆ ಕಾಲು ಕೊಡವ್ವ."

ನಯನಾಳಿಗೆ ಎತ್ತಲಾಗಲಿಲ್ಲ. ಮರುಳಸಿದ್ದಮ್ಮ ತಲೆಯೆತ್ತದೆ, ಚೊಂಬು ಹಿಡಿದು ಬಾಗಿಯೇ ಕಾಯುತ್ತಿದ್ದಳು.