ಗುಲಾಬಿ ಬಣ್ಣದ ಹಿಟ್ಟು

ಬಿತ್ತನೆಗೆಂದು ವಿಷದ ಔಷಧ ಹಚ್ಚಿ ಇಟ್ಟಿದ್ದ ಸೋಯಾ ಬೀಜದ ಚೀಲ ಸೊರಗಿತ್ತು. ಘಾಟಬೋರಾಳದ ಆ ಮನೆಯಲ್ಲಿ ಅದನ್ನು ಮೊದಲು ಕಂಡವಳು ಸೊಸೆ ಉಮಾದೇವಿ. ಇಲಿ ಕಡಿದಿದ್ದರೆ ತೂತಿರಬೇಕು, ತೂತಿರಲಿಲ್ಲ. ಬಾಯಿಗೆ ಕಟ್ಟಿದ ಸುತಳಿಯ ಗಂಟು ಮಾತ್ರ ಅವಳು ಹಾಕಿದ್ದಲ್ಲ.

“ಮಾವಾರ, ಬಾಜೂಮನಿ ತುಳಜಾರಾಮ ಬೀಜಕ್ಕ ಕೈ ಹಾಕ್ಯಾನೇನ್ರಿ?”

“ಛೇ, ಅಂವ ಅಂಥಾವ ಅಲ್ಲವ್ವ,” ಎಂದರು ಬಸವಣಪ್ಪ.

ತುಳಜಾರಾಮನನ್ನು ಬೈಯದೆ ಚಹಾ ಕುಡಿಯದ ಮಾವ ಇವತ್ತು ಅವನ ಪರ ನಿಂತದ್ದೇ ಅವಳಿಗೆ ಸರಿಬರಲಿಲ್ಲ. ಅವರ ಪ್ರೋಸ್ಟೇಟ್ ಗ್ರಂಥಿಗೆ ಕ್ಯಾನ್ಸರ್ ಬಂದಿತ್ತು. ಹುಮನಾಬಾದಿನ ಡಾಕ್ಟರು ಕೊಡುವ ಇಂಜೆಕ್ಷನ್ನಿನಿಂದ ಅದು ತಡೆದು ನಿಂತಿತ್ತು. ತಪ್ಪಿಸಿದರೆ ಮತ್ತೆ ಏಳುತ್ತದೆಂದು ಅವರು ಎಚ್ಚರಿಸಿದ್ದರು. ಮುಂದಿನ ಇಂಜೆಕ್ಷನ್ನಿನ ದಿನ ಬಂದಿತ್ತು, ಮಾವ ಮಾತ್ರ ಮೊಣಕಾಲು ನೋವೆಂದು ರಾಗ ಎಳೆಯುತ್ತಿದ್ದರು. ಮೊನ್ನೆ ಅದೇ ಮೊಣಕಾಲಿನಲ್ಲಿ ಬಸವಕಲ್ಯಾಣಕ್ಕೆ ಹೋಗಿ ಬಂದಿದ್ದರು!

ಅನುಮಾನದಿಂದಲೇ ಹಿತ್ತಲಿಗೆ ಹೋಗಿ ಬೀಸುಕಲ್ಲಿನ ಸಂದಿಗೆ ಬೆರಳು ಹಾಕಿದಳು. ಗುಲಾಬಿ ಬಣ್ಣದ ಹಿಟ್ಟು ಅಂಟಿತು. ಬೀಜದ ಔಷಧದ ಬಣ್ಣ ಅದು.

“ಮಾವಾರ, ಕೈ ತೋರಸ್ರಿ.”

“ಯಾಕ, ಭವಿಷ್ಯ ಹೇಳ್ತಿ ಏನು?”

ಉಗುರಿನ ಸಂದಿಯೂ ಅದೇ ಬಣ್ಣ.

“ಗೆಳೆಯ ಜ್ಞಾನೇಶ್ವರ ಮೊಬೈಲ್‌ನಾಗ ತೋರಿಸಿದ,” ಮುದುಕರು ಬಾಯಿ ಬಿಟ್ಟರು. “ಸೋಯಾದಾಗಿನ ಅಂಶ ಕ್ಯಾನ್ಸರ್ ಕಣ ಬೆಳಿಲಾರದಂಗ ತಡಿತದಂತ. ಹೊಲದ ತುಂಬಾ ಬೆಳಿತೇವಿ, ಎಂದಾರ ಒಂದು ಕಾಳು ತಿಂದೇವೇನು? ಎಲ್ಲಾ ಅಡತಿ ಅಂಗಡಿಗೇ ಮಾರ್ತೇವಿ. ಮನ್ಯಾಗ ಉಳಿದಿದ್ದು ಈ ಬೀಜ ಒಂದ. ಚಲೋತ್ನಾಗಿ ತೊಳದ ಬೀಸೇನಿ ತಗೋ.”

“ತೊಳದ್ರ ವಿಷ ಹೋಗ್ತದೇನ್ರಿ? ತಿಂದೀರೇನು?”

“ಮುಂಜಾನಿ ಒಂದ ಚಮಚ. ಬಾಯಿ ಉರೀತು, ಉಗುಳಿದೆ.”

“ಇಂಜೆಕ್ಷನ್ ಬಿಟ್ಟು ಇದ್ಯಾಕ ಬೇಕಾಗಿತ್ರಿ?”

ಮಾವ ಗೋಡೆ ನೋಡಿದರು. “ಆ ಇಂಜೆಕ್ಷನ್ ನನ್ನನ್ನ ಹೆಂಗಸು ಮಾಡಾಕತ್ತದ. ಮೈ ಭಗಭಗ ಅಂತದ, ಎದಿ ಉಬ್ಬೇದ. ಹೊಲದಾಗ ಅಂಗಿ ತೆಗಿಯಾಕ ನಾಚಿಕಿ.”

ಉಮಾದೇವಿ ಹಿಟ್ಟನ್ನು ಡಾಕ್ಟರಿಗೆ ತೋರಿಸಲೆಂದು ಕಾಗದದಲ್ಲಿ ಕಟ್ಟಿಕೊಂಡು, ಮಾವನನ್ನು ಆಟೋ ಹತ್ತಿಸಿದಳು.

ಹುಮನಾಬಾದಿನ ಡಾಕ್ಟರು ಹೊಟ್ಟೆ, ನಾಡಿ ನೋಡಿ, ರಕ್ತ ಪರೀಕ್ಷೆ ಮಾಡಿಸಿದರು. “ಉಗುಳಿದ್ದು ಚಲೋ ಆತು. ಬಿತ್ತೋ ಬೀಜ ಮುಟ್ಟಬ್ಯಾಡ್ರಿ. ಮೊಬೈಲಿನ ಸುದ್ದಿ ಪೂರಾ ಸುಳ್ಳಲ್ಲ, ಆದ್ರ ಅದು ಪ್ರಯೋಗಾಲಯದ ಗಾಜಿನ ತಟ್ಟಿಯೊಳಗ ಕಂಡಿದ್ದು. ಮನಷ್ಯಾರ ಮೈಯಾಗ ರೋಗ ನಿಲ್ಲಸ್ತದಂತ ಸಾಬೀತಾಗಿಲ್ಲ. ಅಂಗಡಿ ಸೋಯಾ ಊಟದಾಗ ತಿನ್ರಿ, ಇಂಜೆಕ್ಷನ್ ಬದಲಿ ಅಲ್ಲ. ಅಂದಂಗ, ಸೋಯಾದಾಗಿನ ಆ ಅಂಶ ಹೆಂಗಸರ ಹಾರ್ಮೋನಿನ ಬಳಗದ್ದ, ಗೊತ್ತೇನ್ರಿ?”

ಬಸವಣಪ್ಪನವರ ಮುಖ ಇಳಿಯಿತು. ಉಮಾದೇವಿ ತಲೆ ತಗ್ಗಿಸಿಯೇ ಎದೆ ಉಬ್ಬಿದ ಸಂಗತಿ ಹೇಳಿಬಿಟ್ಟಳು.

“ಅದಕ್ಕೂ ದಾರಿ ಅದ,” ಎಂದರು ಡಾಕ್ಟರು. “ಬಾಯಿ ಬಿಟ್ಟು ಹೇಳಬೇಕಲ್ಲ, ಯಜಮಾನ್ರ.”

ಮಾವ ತಾವೇ ಅಂಗಿಯ ಗುಂಡಿ ಬಿಚ್ಚಿ ಹೊಟ್ಟೆ ಮುಂದೆ ಮಾಡಿದರು. ಸೂಜಿ ಇಳಿಯಿತು.

ಮನೆಗೆ ಬಂದವಳೇ ಉಮಾದೇವಿ ಬೀಸುಕಲ್ಲು ಉಜ್ಜಿ ತೊಳೆದಳು, ಬೀಜದ ಕೋಣೆಗೆ ಕೀಲಿ ಹಾಕಿದಳು. ಮರುದಿನ ಚಹಾ ಕೊಡುವ ಮೊದಲು, “ನಾಲಿಗಿ ತೋರಸ್ರಿ,” ಎಂದಳು.

“ಯವ್ವಾ, ನಾಲಿಗಿ ಎಲ್ಲಾರ್ದೂ ಗುಲಾಬಿನ ಇರ್ತದ!”

“ಹೌದ್ರಿ,” ಎಂದಳು, ಚಹಾದ ಕಪ್ ಕೊಡದೆ. “ಅದಕ್ಕ ಸ್ವಲ್ಪ ಬೆಳಕಿಗೆ ಬರ್ರಿ.”