ತಲೆಗೂದಲಲ್ಲಿ ಪಿಚ್ಚರು ಕಂಡವರು

ಹೀರೋನ ತಲೆಗೂದಲು ನೋಡಿ ಪಿಚ್ಚರು ಖರೆಯೋ ಸುಳ್ಳೋ ಹೇಳುವ ಮನುಷ್ಯನೊಬ್ಬ ನಾಳೆ ಕೆಲಸಕ್ಕೆ ಬರುತ್ತಾನೆಂದು ಪಕ್ಕದಲ್ಲಿ ಕೂರುವ ಹುಲಗೆಮ್ಮ ಹೇಳಿದ ದಿನ, ಭಾಗ್ಯನಗರದ ತಗಡಿನ ಶೆಡ್ಡಿನಲ್ಲಿ ವಿಗ್ಗಿಗೆಂದು ಊರೂರಿನಿಂದ ತಂದ ಕೂದಲ ಸಿಕ್ಕು ಬಿಡಿಸುತ್ತಿದ್ದ ನಾವು ಹೆಂಗಸರೆಲ್ಲ ನಕ್ಕಿದ್ದೆವು.

ಬಂದವರು ಅಬ್ದುಲರೌಫ ಸಾಹೇಬರು. ಗಂಗಾವತಿಯ ಟಾಕೀಜೊಂದರಲ್ಲಿ ಮೂವತ್ತು ವರ್ಷ ಮಷೀನು ನಡೆಸಿ ಪಿಚ್ಚರು ಬಿಟ್ಟವರು, ಅದು ಮುಚ್ಚಿದ ಮೇಲೆ ಕೂದಲಿನ ಗಂಟು ತೂಗಲು ಬಂದಿದ್ದರು. ರೀಲಿನ ಡಬ್ಬಿ ಹೊತ್ತು ಹೊತ್ತು ಎಡಭುಜ ಇಳಿದಿತ್ತು. ನಡೆದರೆ ಕಣ್ಣಿಗೆ ಕಾಣದ ತುಂಬಿದ ಕೊಡವೊಂದನ್ನು ತುಳುಕದಂತೆ ಒಯ್ಯುತ್ತಿರುವರೇನೋ ಅನ್ನಿಸುತ್ತಿತ್ತು. ವೈಶಾಖದ ಬಿಸಿಲಲ್ಲೂ ಕುತ್ತಿಗೆಯ ತನಕ ಗುಂಡಿ ಹಾಕಿದ ಬೂದು ಕೋಟು. ಯಾರಾದರೂ ಮಾತು ಸುತ್ತಿಬಳಸಿದರೆ, "ಪರದಾ ಮ್ಯಾಲ ಬರ್ರಿ" ಅನ್ನುತ್ತಿದ್ದರು.

ರೊಟ್ಟಿ ತಿನ್ನುವ ಹೊತ್ತಿನಲ್ಲಿ, ಮೊಬೈಲಿನಲ್ಲಿ ನೋಡಿದ ಪರದೇಶದ ಪಿಚ್ಚರುಗಳ ಕತೆ ಹೇಳುವರು.

"ಹಾಲಿವುಡ್ಡಿನ ಹೀರೋ ಬೆಂಕ್ಯಾಗಿಂದ ಎದ್ದು ಬಂದ್ರೂ ಬೈತಲಿ ಕೆಡಂಗಿಲ್ರಿ. ರಾಕ್ಷಸನ ಕೂಡ ಬಡದಾಡಿ ಮುಗಿಸಿ ಸೀದಾ ಮದವಿ ಮನಿಗಿ ಹೊಂಟಂಗಿರ್ತಾನ."

"ಬಾಚಾಕ ನಮ್ಮಂಥಾಕಿ ಒಬ್ಬಾಕಿ ಇದ್ದಿರಬೇಕು ಬಿಡ್ರಿ," ಅಂದಳು ಹುಲಗೆಮ್ಮ.

"ಇದ್ದಿದ್ರ ಆಕಿ ಹೆಸರೂ ಪರದಾ ಮ್ಯಾಲ ಹಾಕಬೇಕಿತ್ತಲ್ಲ ತಂಗಿ."

ಅವರ ಮನಸ್ಸು ಹೊಕ್ಕಿದ್ದು ಮಾತ್ರ ಹಿಮ ಬೀಳುವ ಯಾವುದೋ ನಾಡಿನ ಪಿಚ್ಚರು. ಅದರಲ್ಲೊಬ್ಬ ಕಮ್ಮಾರ, ಗುಡ್ಡದ ಭೂತ ಎತ್ತಿಕೊಂಡು ಹೋದ ಹೆಂಡತಿಯನ್ನು ಹುಡುಕಿ ಹೊರಡುತ್ತಾನೆ. ಅವನ ಕತ್ತಿ ಹೊಳೆಯುವುದಿಲ್ಲ, ಜಂಗು ತಿಂದಿದೆ. ಅರ್ಧಕ್ಕೆ ಮುರಿದರೆ ಅರಿವೆ ಸುತ್ತಿಕೊಂಡು ನಡೆಯುತ್ತಾನೆ. ಹೊಡೆದಾಟ ಗೆದ್ದರೂ ಕೇಕೆಯಿಲ್ಲ, ಕೆಸರಿನಲ್ಲಿ ಕೈಯಾಡಿಸಿ ಕಳೆದುಹೋದ ಕೆರ ಹುಡುಕುತ್ತಾನೆ. "ರಕ್ತ, ರಾಡಿ ಕೂಡಿ ಅವನ ತಲಿ ಜಡಿ ಕಟ್ಟೇತ್ರಿ. ಇದು ಖರೇ ಪಿಚ್ಚರು." ದಿನಕ್ಕಿಷ್ಟಿಷ್ಟೇ ನೋಡಿ ಹೇಳುತ್ತ ಬಂದವರು ಕೊನೆಯ ಭಾಗಕ್ಕೆ ಬಂದು ನಿಂತೇ ಬಿಟ್ಟರು. ಕೇಳಿದರೆ, "ನಾಳಿ ನೋಡೂಣು."

ಕಾರಣ ತಕ್ಕಡಿಯ ಹತ್ತಿರ ತಿಳಿಯಿತು. ಸಕ್ಕರೆ ಬೇನೆ ಅವರ ಕಣ್ಣು ತಿಂದಿತ್ತು. ಅಂಕಿ ಕಾಣದೆ, ಗಂಟನ್ನು ಕೈಯಲ್ಲೆತ್ತಿಯೇ ತೂಕ ಹೇಳುತ್ತಿದ್ದರು. ಆ ಹಿಮದ ನಾಡಿನ ಮಾತು ಅವರಿಗೆ ಮೊದಲೂ ಬರುತ್ತಿರಲಿಲ್ಲ. ಕಣ್ಣಿನಿಂದಲೇ ಓದಿಕೊಂಡು ಬಂದಿದ್ದ ಕತೆ ಈಗ ಬರೀ ಗದ್ದಲವಾಗಿ ಉಳಿದಿತ್ತು.

ಅವರು ಕೆಲಸ ಬಿಟ್ಟ ದಿನ, ಯಲಬುರ್ಗಾಕ್ಕೆ ಕರೆದೊಯ್ಯಲು ಮಗಳು ಮುಬಾಶಿರಾ ಬಂದು ಬಾಗಿಲಲ್ಲಿ ನಿಂತಿದ್ದಳು. ಅವರು ತಡಕಾಡಿ ನನ್ನ ಕೈಗೆ ಮೊಬೈಲು ಕೊಟ್ಟರು.

"ಅಕ್ಕಾರ, ಕಡೀದು ನೀವು ನೋಡಿ ಹೇಳ್ರಿ."

"ನಾ ಸಾಲಿ ಎರಡನೇತ್ತ ಕಲ್ತಾಕಿ. ಮಗಳು ಅದಾಳಲ್ರಿ?"

"ಆಕಿ ನನ್ನ ಮ್ಯಾಲಿನ ಜೀವಕ್ಕ ಅದನ್ನ ಹಾಲಿವುಡ್ ಮಾಡಿಬಿಡ್ತಾಳ. ನೀವು ಗಂಟಿದ್ರ ಗಂಟೈತಿ ಅಂತೀರಿ."

ಕೂದಲ ಚೀಲದ ಮೇಲೆ, ಟಾಕೀಜಿನಲ್ಲಿದ್ದಂತೆ ಹಿಂದಿನ ಗೋಡೆಯ ಕಿಂಡಿಯಿಂದ ಈಗ ಬೆಳಕು ಬರುತ್ತದೆನ್ನುವಂತೆ ಅತ್ತ ಮುಖ ಮಾಡಿ ಕುಳಿತರು. ನಾನು ನೋಡಿದೆ, ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಭೂತ ಸತ್ತಿತು. ಹೆಂಡತಿ ಸಿಕ್ಕಳು, ಆದರೆ ಗಂಡನ ಗುರುತು ಅವಳಿಗೆ ಹತ್ತಲಿಲ್ಲ. ಅವನು ಆಕೆಯ ಬೆನ್ನ ಹಿಂದೆ ಕುಳಿತು, ಕುಲುಮೆಯಲ್ಲಿ ಸುಟ್ಟ ಆ ಒರಟು ಬೆರಳುಗಳಿಂದ, ಜಡೆಗಟ್ಟಿದ ಕೂದಲನ್ನು ಎಳೆ ಎಳೆಯಾಗಿ ಬಿಡಿಸತೊಡಗಿದ. ಅಷ್ಟಕ್ಕೇ ಪರದೆ ಕಪ್ಪಾಯಿತು. ಎಲ್ಲ ಸುಖವಾಯಿತೆಂದುಬಿಡಲೇ ಎಂದು ಒಂದು ಗಳಿಗೆ ನಾಲಗೆ ಹೊರಳಿತು.

"ಪರದಾ ಮ್ಯಾಲ ಬರ್ರಿ ಅಕ್ಕಾರ," ಅಂದರು. "ಸಿಕ್ಕು ಬಿಡ್ತೇನು?"

"ಇಲ್ರಿ. ಆದರ ಅಂವ ಕೈ ಬಿಟ್ಟಿಲ್ಲ."

ಅವರು ಕೋಟಿನ ಮೇಲಿನ ಗುಂಡಿ ಬಿಚ್ಚಿ ಉಸಿರು ಬಿಟ್ಟರು. ಮಗಳು ಕರೆದರೂ, ಕೊನೆಯಲ್ಲಿ ಬರುವ ಹೆಸರುಗಳೆಲ್ಲ ದಾಟಿದವೆಂದು ನಾನು ಹೇಳುವ ತನಕ ಏಳಲಿಲ್ಲ. ಪಿಚ್ಚರು ಬಿಡುವವರ ಕುಲವೇ ಹಾಗಿರಬೇಕು: ಮಂದಿಯೆಲ್ಲ ಎದ್ದು ಹೋದ ಮೇಲೂ, ಕಡೆಯ ಅಕ್ಷರ ದಾಟುವ ತನಕ ದೀಪ ಆರಿಸದೆ ನಿಲ್ಲುವವರು.