ಪೊರಕೆ ಬಸ್ಸು

ಅಕ್ಕ ಅಂಗಿಯೊಳಗೆ ಸಿಕ್ಕಿಹಾಕಿಕೊಂಡಿದ್ದಳು. ಎರಡು ಕೈಯೂ ಮೇಲಕ್ಕೆ ಎತ್ತಿದಂತೇ ಇವೆ, ತಲೆ ಬಟ್ಟೆಯೊಳಗೆ ಹೂತಿದೆ, ಅಂಗಿ ಮಾತ್ರ ಇಳಿಯಲೊಲ್ಲದು.

"ಏನೇ ಇದು? ನನ್ನ ತಲೆ ದಪ್ಪ ಆಯ್ತೋ, ಅಂಗಿ ಚಿಕ್ಕದಾಯ್ತೋ?" ಒಳಗಿನಿಂದ ದನಿ ಬಂತು.

ತಂಗಿ ಕೈಯಲ್ಲಿದ್ದ ಶೂ ಬಿಟ್ಟು ಎದ್ದು ಬಂದಳು. ಅವಳನ್ನು ಎಲ್ಲರೂ ಟೈಲರಮ್ಮ ಎಂದೇ ಕರೆಯುವುದು. ಮೂವತ್ತನಾಲ್ಕು ವರ್ಷದಿಂದ ಹೊಲಿಗೆಯೇ ಕಸುಬು. ಬಟ್ಟೆಯ ಮೇಲೆ ಬೆರಳಾಡಿಸಿದ್ದೇ ತಡ, ತಪ್ಪು ಎಲ್ಲಿದೆಯೆಂದು ಗೊತ್ತಾಯಿತು. ಓಟದ ನಂಬರಿನ ಹಾಳೆಯನ್ನು ಪಿನ್ನಿನಲ್ಲಿ ಚುಚ್ಚಿದರೆ ಅಂಗಿ ತೂತಾಗುತ್ತದೆಂದು ಅವಳು ಹಿಂದಿನ ದಿನ ಸಂಜೆಯೇ ಎಲ್ಲರ ಅಂಗಿಗೂ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿಕೊಡುತ್ತಿದ್ದಳು. ನಿನ್ನೆ ಅಕ್ಕನ ಅಂಗಿಯಲ್ಲಿ ಸೂಜಿ ಎದೆಯ ಬಟ್ಟೆಯನ್ನು ದಾಟಿ ಬೆನ್ನಿನ ಬಟ್ಟೆಯನ್ನೂ ಹಿಡಿದುಬಿಟ್ಟಿತ್ತು. ನಾಲ್ಕು ಅಂಚಿಗೂ ಭದ್ರವಾಗಿ ಬಿದ್ದ ಹೊಲಿಗೆ. ಮುಂಭಾಗ ಹಿಂಭಾಗ ಒಂದಾಗಿ ಕೂತಿದ್ದವು. ಹೊಲಿಗೆ ಕಲಿಯಲು ಬಂದವರು ಮೊದಲ ದಿನ ಮಾಡಿ ಎರಡನೆಯ ದಿನ ಮರೆಯುವಂಥ ತಪ್ಪು.

ಗದ್ದಲ ಕೇಳಿ ಲಾಡ್ಜಿನ ಪಕ್ಕದ ಕೋಣೆಯಿಂದ ಗಂಡಸರು ಬಂದು ಬಾಗಿಲಾಚೆ ನಿಂತರು. ಟೈಲರಮ್ಮನ ಗಂಡ ಊರುಗೋಲಿನ ಮೇಲೆ ಭಾರ ಹಾಕಿ ಇಣುಕಿದ; ವಿಷಯ ತಿಳಿದದ್ದೇ ಗೊಳ್ಳೆಂದು ನಕ್ಕ.

"ಮೂವತ್ನಾಲ್ಕು ವರ್ಷದ ಸರ್ವಿಸು ನೋಡಿ! ಅತ್ತಿಗೆಯವರನ್ನ ಪಾರ್ಸೆಲ್ ಮಾಡೋಕೆ ಚೀಲ ಹೊಲಿದಿದ್ದಾಳೆ!"

ಅವನು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವನು, ಅವನ ತಮಾಷೆಯೂ ಅಲ್ಲಿಯದೇ. ಅಕ್ಕನ ಗಂಡ, ಭಾವ, ನಕ್ಕರು. ಗಂಡನ ಗೆಳೆಯ, ವಾಚು ರಿಪೇರಿಯವನು, ಎಲ್ಲರಿಗಿಂತ ತಡವಾಗಿ ಬಂದು ಎಲ್ಲರಿಗಿಂತ ತಡವಾಗಿ ನಕ್ಕ. ಯಾರು ಏನು ಕೇಳಿದರೂ "ಹತ್ತೇ ನಿಮಿಷ" ಎನ್ನುವ ಅವನಿಗೆ ಹತ್ನಿಮಿಷ ಎಂದೇ ಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ಟೈಲರಮ್ಮನೂ ನಕ್ಕಳು, ನಗುತ್ತಲೇ ಹೊಲಿಗೆ ಕತ್ತರಿಸಿದಳು.

ಅಂಗಿಯಿಂದ ಹೊರಬಂದ ಅಕ್ಕ ನಗಲಿಲ್ಲ. ಕೆದರಿದ ಕೂದಲನ್ನು ಹಾಗೇ ಬಿಟ್ಟು ತಂಗಿಯ ಮಣಿಕಟ್ಟು ಹಿಡಿದಳು. ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಕೈ ಹಿಡಿದರೆ ನಾಡಿ ನೋಡಿದ ಹಾಗೇ ಇರುತ್ತಿತ್ತು.

"ಸ್ಕೂಲ್ ಯೂನಿಫಾರ್ಮು ಎಷ್ಟು ಬಾಕಿ?"

"ನೂರ ಹತ್ತು."

"ಹೂಂ," ಎಂದಳು ಅಕ್ಕ. ಅಷ್ಟೇ.

ಮೂವತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಊರೂರಿನ ಹೆಸರು ಓದಿ ಕಾಗದಗಳನ್ನು ಗೂಡಿಗೆ ಎಸೆದವನು ಟೈಲರಮ್ಮನ ಗಂಡ. ಹೆಸರು ಗೊತ್ತು, ಊರು ಗೊತ್ತಿಲ್ಲ. ನಿವೃತ್ತಿಯಾದ ವಾರವೇ, ಅವಳು ಅಳತೆ ಕತ್ತರಿಸುವ ಕಂದು ಕಾಗದದ ಮೇಲೆ ಇಪ್ಪತ್ತನಾಲ್ಕು ಊರಿನ ಹೆಸರು ಬರೆದು ಅಂಗಡಿಯ ಗೋಡೆಗೆ ಅಂಟಿಸಿದ. ಅದೇ ಹೊತ್ತಿಗೆ ಹತ್ನಿಮಿಷ ಎಲ್ಲೋ ಅರ್ಧ ಮ್ಯಾರಥಾನ್ ಓಡಿ ಪದಕ ತಂದು ತೋರಿಸಿದ. ಎರಡೂ ಒಂದಕ್ಕೊಂದು ಗಂಟುಬಿದ್ದವು.

"ಬಸ್ಸಲ್ಲಿ ಹೋಗಿ ಬಸ್ಸಲ್ಲಿ ಬಂದ್ರೆ ಊರು ನೋಡಿದ ಹಾಗಲ್ಲ," ಎಂದಿದ್ದ ಗಂಡ. "ಇಪ್ಪತ್ತೊಂದು ಕಿಲೋಮೀಟರು ಕಾಲಲ್ಲಿ ಹೋಗ್ಬೇಕು. ಆಗ ವಿಳಾಸ ಗೊತ್ತಾಗುತ್ತೆ."

ಮೊದಲ ಏಳು ಊರಿಗೆ ಅವನೇ ಮುಂದಾಳು. ಆಮೇಲೆ ಸೊಂಟದ ಕೀಲು ಕೈಕೊಟ್ಟಿತು. ಆಪರೇಷನ್ ಆಯಿತು, ಊರುಗೋಲು ಬಂತು. ಓಟ ಮಾತ್ರ ನಿಲ್ಲಲಿಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ವ್ಯಾನು ಬಾಡಿಗೆಗೆ ಹಿಡಿದು ಐವರೂ ಹೊರಡುವರು. ನಾಲ್ವರು ಓಡುವರು, ಅವನು ಕೊನೆಯ ಗೆರೆಯ ಹತ್ತಿರ ಫ್ಲಾಸ್ಕು ಟವೆಲು ಇಟ್ಟುಕೊಂಡು ಕಾಯುವನು. ವಾಪಸು ಬರುವಾಗ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕಣ್ಣು ಮುಚ್ಚುವನು. "ಹೂಂ, ಶುರು ಮಾಡು. ಒಂದನೇ ಕಿಲೋಮೀಟರಲ್ಲಿ ಏನಿತ್ತು?"

ಅವಳು ಹೇಳಬೇಕು. ಯಾವ ತಿರುವಿನಲ್ಲಿ ಯಾವ ಅಂಗಡಿ, ಯಾರ ಮನೆಯ ತಂತಿಯಲ್ಲಿ ಏನು ಒಣಗುತ್ತಿತ್ತು, ಬೋರ್ಡಿನ ಮೇಲೆ ಏನು ಬರೆದಿತ್ತು. ಬೇರೆಯವರು ಹೇಳಿದರೆ ಅವನಿಗೆ ಆಗದು. "ಷಡ್ಡಕರು ಟೈಮು ಹೇಳ್ತಾರೆ, ಊರು ಹೇಳಲ್ಲ," ಎನ್ನುವನು. ಮನೆಗೆ ಹೋದ ಮೇಲೆ ಕೇಳಿದ್ದನ್ನೆಲ್ಲ ಕಂದು ಕಾಗದದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆಯುವನು.

ಕಳೆದ ಸಲ ಅವಳು ತನ್ನ ಎರಡು ಶೂ ಬಿಟ್ಟು ಮತ್ತೇನನ್ನೂ ನೋಡಿರಲಿಲ್ಲ. ಯಾವುದೋ ಎರಡು ಕಿಲೋಮೀಟರಿಗೆ ಹೇಳಲು ಏನೂ ಇಲ್ಲದೆ ಒಂದಿಡೀ ಬೀದಿಯನ್ನು ಕಟ್ಟಿ ಹೇಳಿದಳು: ಹಳದಿ ಬಾಲ್ಕನಿಯ ಮನೆ, ಬೇಕರಿ, ಅದರ ಹೊಸ್ತಿಲಿಗೆ ಅಡ್ಡಲಾಗಿ ಮಲಗಿದ ಮುದಿ ನಾಯಿ, ಅದನ್ನು ಎಬ್ಬಿಸದೆ ದಾಟಿ ಹೋಗುವ ಜನ. ಅವನು ಅದನ್ನೂ ಬರೆದ. ಈಗ ಮೆಷಿನ್ನಿನ ಮುಂದೆ ಕೂತಾಗಲೆಲ್ಲ ಆ ಇಲ್ಲದ ಬೀದಿ ಅವಳ ಕಣ್ಣಿಗೇ ಬೀಳುತ್ತಿತ್ತು.

ಹನ್ನೊಂದು ಊರು ಮುಗಿದಿವೆ, ಇದು ಹನ್ನೆರಡನೆಯದು. ಇನ್ನೂ ಹನ್ನೆರಡು ಉಳಿದಿವೆ. "ಸಾಕು ರೀ." ಎರಡೇ ಮಾತು. ಪೆಡಲು ತುಳಿಯುತ್ತಾ ಎಷ್ಟು ಸಲ ಹೇಳಿಕೊಂಡಿದ್ದಳೋ. ಆದರೆ ಮನೆಯ ಕಿಟಕಿಯಲ್ಲಿ ಹಿಡಿಸುವಷ್ಟೇ ರಸ್ತೆ ಉಳಿದಿರುವ ಮನುಷ್ಯನಿಗೆ ಅದನ್ನು ಹೇಳುವುದು ಹೇಗೆ?

ಓಟ ಶುರುವಾಗುವಲ್ಲಿ ಗಂಡ ಎಂದಿನಂತೆ ಕೈಚಾಚಿದ. ಅವಳು ದಾರ ಕತ್ತರಿಸುವ ಪುಟ್ಟ ಕತ್ತರಿಯನ್ನು ಕೊಟ್ಟಳು. ಅವನು ಅದನ್ನು ಎದೆಯ ಜೇಬಿಗೆ ಹಾಕಿ ಮೇಲೆ ತಟ್ಟಿಕೊಂಡ. ಕೊನೆಯ ಗೆರೆ ದಾಟುವವರೆಗೆ ನಂಬರು ಬಿಚ್ಚುವಂತಿಲ್ಲ, ದಾಟಿದ ಮೇಲೆ ನಾಲ್ವರದ್ದೂ ಬಿಚ್ಚುವವಳು ಅವಳೇ. ಅದು ಇವರೇ ಮಾಡಿಕೊಂಡ ಕಾನೂನು.

ಸ್ವಲ್ಪ ದೂರದಲ್ಲಿ ಅಕ್ಕ ಭಾವನನ್ನೂ ಹತ್ನಿಮಿಷನನ್ನೂ ಹತ್ತಿರಕ್ಕೆ ಕರೆದು ಏನೋ ಹೇಳುತ್ತಿದ್ದಳು. ಭಾವ ಕತ್ತು ಕೆರೆದುಕೊಂಡರು. ಆಮೇಲೆ ತಲೆಯಾಡಿಸಿದರು.

ನಾಲ್ಕು ಕಿಲೋಮೀಟರಿನವರೆಗೆ ಅಕ್ಕ ಜೊತೆಗಿದ್ದಳು. ಅಲ್ಲಿ, "ನಾನು ಮುಂದೆ ಹೋಗಿರ್ತೀನಿ, ನೀನು ನಿಧಾನಕ್ಕೆ ಬಾ," ಎಂದು ಹೊರಟುಬಿಟ್ಟಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿದವಳಲ್ಲ. ಟೈಲರಮ್ಮ ಅವಳ ಬೆನ್ನನ್ನೇ ನೋಡುತ್ತಾ ಹೆಜ್ಜೆ ಹಾಕಿದಳು. ಅಂಗಿಯ ತಪ್ಪಿಗೆ ಸಿಟ್ಟೇ ಇವಳಿಗೆ?

ಹನ್ನೊಂದನೆಯ ಕಿಲೋಮೀಟರು ದಾಟುವಾಗ ಬೆನ್ನ ಹಿಂದೆ ಎಂಜಿನ್ನಿನ ಸದ್ದು ಕೇಳಿಸಿತು. ಹಿಂದುಳಿದವರನ್ನು ಎತ್ತಿಕೊಂಡು ಬರುವ ಬಸ್ಸು. ಅದಕ್ಕೆ ಪೊರಕೆ ಬಸ್ಸು ಎಂದು ಹೆಸರಿಟ್ಟವರು ಭಾವ. "ಸತ್ರೂ ಅದಕ್ಕೆ ಮಾತ್ರ ಹತ್ತಬಾರದು," ಎಂಬುದು ಅವರ ಶಪಥ. ಕಂಡಕ್ಟರಾಗಿ ದುಡಿದ ಮನುಷ್ಯ ಅಷ್ಟು ಬೈದ ಬಸ್ಸು ಅದೊಂದೇ.

ಬಾಗಿಲು ತೆರೆಯಿತು. "ಹತ್ತಮ್ಮಾ," ಎಂದ ಡ್ರೈವರು.

"ಇನ್ನೊಂದು ಸ್ವಲ್ಪ," ಎಂದಳು.

ಬಸ್ಸು ಹಾರನ್ ಮಾಡಲಿಲ್ಲ. ಅವಳ ಹೆಜ್ಜೆಗೆ ಹೆಜ್ಜೆ ಎಂಬಂತೆ ಒಂದು ಕಿಲೋಮೀಟರು ಸುಮ್ಮನೆ ಹಿಂಬಾಲಿಸಿತು. ಕೊನೆಗೆ ಅವಳೇ ನಿಂತಳು.

"ಯಾರೂ ಏನೂ ಅನ್ನಲ್ಲಮ್ಮಾ. ನಾನು ದಿನಾ ಕೂತ್ಕೊಂಡೇ ಹೋಗೋದು," ಎಂದ ಡ್ರೈವರು.

ಮೆಟ್ಟಿಲು ಹತ್ತಲು ಮಂಡಿಯನ್ನು ಕೈಯಿಂದ ಎತ್ತಿಕೊಳ್ಳಬೇಕಾಯಿತು. ಎಡಗಡೆಯ ಕಿಟಕಿಗೆ ಒರಗಿ ಕೂತಾಗ ಅಳು ಬಂತು. ಅದಕ್ಕೂ ಆಯಾಸವೇ, ಸರಿಯಾಗಿ ಹೊರಗೆ ಬರಲಿಲ್ಲ. ಡ್ರೈವರು ಕೈಯೆತ್ತಿ ತನ್ನ ತಲೆಯ ಮೇಲಿನ ಕನ್ನಡಿಯನ್ನು ಚೂರು ಬೇರೆ ಕಡೆಗೆ ತಿರುಗಿಸಿದ.

ಬಹಳ ಹೊತ್ತಿನ ಮೇಲೆ ಅವಳು ಹೊರಗೆ ನೋಡಿದಳು. ಊರು ಅಲ್ಲೇ ಇತ್ತು. ಬೀಗದ ಅಂಗಡಿಯ ಮುಂದೆ ಆಳೆತ್ತರದ ಮರದ ಬೀಗದಕೈ ನೇತುಹಾಕಿದ್ದರು. ಬಾಗಿಲಲ್ಲಿ ಕುರ್ಚಿ ಹಾಕಿ ಒಬ್ಬ ಮುದುಕನ ಗಡ್ಡ ಹೆರೆಯುತ್ತಿದ್ದಳು ಒಬ್ಬಾಕೆ, ಮಗಳಿರಬೇಕು. ನೊರೆಯಿದ್ದ ಮುಖದಲ್ಲೇ ಅವನು ಬಸ್ಸಿಗೆ ಕೈಬೀಸಿದ. ಮೂರನೆಯ ಮಹಡಿಯಲ್ಲಿ ಯಾರೋ ಟೀ ಕೆಟಲಿನಿಂದ ಗಿಡಕ್ಕೆ ನೀರು ಹಾಕುತ್ತಿದ್ದರು.

ಹದಿನಾಲ್ಕರ ಹತ್ತಿರ, ನೀರಿನ ಮೇಜಿನ ಪಕ್ಕದಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಅಕ್ಕ ಕೂತಿದ್ದಳು. ಬಸ್ಸು ನಿಂತದ್ದೇ ಎದ್ದು ಹತ್ತಿದಳು.

"ಎಷ್ಟು ಹೊತ್ತು ಕಾಯಿಸ್ತೀಯೆ! ಬಕೆಟ್ಟಿನ ಗುರುತು ಮೂಡಿರುತ್ತೆ ನಂಗೆ."

"ನೀನ್ಯಾಕಕ್ಕಾ..."

"ನಾನು ಪಕ್ಕದಲ್ಲಿದ್ದಿದ್ರೆ ನೀನು ನಿಲ್ತಿದ್ಯಾ? ಬಿದ್ದು ಪ್ರಾಣ ಬಿಡ್ತಿದ್ದೆ, ನಿಲ್ತಿರಲಿಲ್ಲ. ಸರಿ, ಆ ಕಡೆ ಸರಿ." ಅಕ್ಕ ಪಕ್ಕದಲ್ಲಿ ಕೂತು ತಂಗಿಯ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಶೂ ಬಿಚ್ಚಿದಳು.

ಹದಿನಾರರಲ್ಲಿ ಹತ್ನಿಮಿಷ ಪಾದಚಾರಿ ದಾರಿಯ ಅಂಚಿನಲ್ಲಿ ಕೂತು, ನೀರು ಕೊಡುವವನೊಬ್ಬನ ನಿಂತುಹೋದ ಗಡಿಯಾರವನ್ನು ಬಿಚ್ಚಿಕೊಂಡಿದ್ದ. ತಲೆಯೆತ್ತದೆ ಬಸ್ಸಿಗೆ ಕೈ ತೋರಿಸಿದ. "ಹತ್ತೇ ನಿಮಿಷ ಸಾರ್!"

"ಎರಡು," ಎಂದ ಡ್ರೈವರು.

ಅವನು ನಾಲ್ಕು ನಿಮಿಷಕ್ಕೆ ಹತ್ತಿದ. ಅವನ ಜೀವಮಾನದಲ್ಲೇ ಅದು ದಾಖಲೆ ಎಂದಳು ಅಕ್ಕ.

ಹದಿನೆಂಟನೆಯ ಕಿಲೋಮೀಟರಿನಲ್ಲಿ ಒಂದು ಮರದ ಕೆಳಗೆ ಭಾವ ನಿಂತು, ನಿಲ್ದಾಣದಲ್ಲಿ ನಿಲ್ಲಿಸುವ ಹಾಗೆ ಕೈ ಅಡ್ಡ ಹಿಡಿದಿದ್ದರು. ಹತ್ತಿ, ಒಳಗೆಲ್ಲ ಒಮ್ಮೆ ಕಣ್ಣಾಡಿಸಿ, ತಗಡಿಗೆ ಎರಡು ಪೆಟ್ಟು ಹಾಕಿ "ರೈಟ್!" ಎಂದರು. ಡ್ರೈವರು ನಕ್ಕು ಬಸ್ಸು ಬಿಟ್ಟ.

"ಭಾವ, ನಿಮಗೇನಾಯ್ತು?"

"ಕಾಲು ಹಿಡ್ಕೊಂಡುಬಿಡ್ತು ಕಣಮ್ಮ."

"ಯಾವ ಕಾಲು?"

ಭಾವ ಎರಡನ್ನೂ ನೋಡಿಕೊಂಡರು. "ಎಡಗಾಲು," ಎಂದು ಬಲಗಾಲನ್ನು ತಿಕ್ಕಿದರು.

ಟೈಲರಮ್ಮ ಅವರ ಅಂಗಿಯನ್ನೇ ನೋಡುತ್ತಿದ್ದಳು. ಬಟ್ಟೆ ಅವಳಿಗೆ ಸುಳ್ಳು ಹೇಳುವುದಿಲ್ಲ. ಅಕ್ಕನ ಬೆನ್ನು ಇನ್ನೂ ತೇವವಾಗಿತ್ತು. ಭಾವನ ಅಂಗಿ ಮಾತ್ರ ಗರಿಗರಿಯಾಗಿ ಒಣಗಿ, ಕಂಕುಳಿನ ಕೆಳಗೆ ಬೆವರಿನ ಉಪ್ಪು ಬಿಳಿಯ ಗೆರೆ ಕಟ್ಟಿತ್ತು. ಕಡಿಮೆಯೆಂದರೂ ಒಂದು ಗಂಟೆ ನೆರಳಲ್ಲಿ ನಿಂತ ಅಂಗಿ. ಗೆರೆಗೆ ಮೂರೇ ಕಿಲೋಮೀಟರು ಇತ್ತು. ಅವರ ಮನೆಯ ಫ್ರಿಜ್ಜಿನ ಮೇಲಿನ ಗೋಡೆಯಲ್ಲಿ ಹನ್ನೊಂದು ಪದಕ ತೂಗುತ್ತವೆ. ಹನ್ನೆರಡನೆಯದಕ್ಕೆ ಹೋದ ವಾರವೇ ಮೊಳೆ ಹೊಡೆದಿದ್ದಾರೆಂದು ನಿನ್ನೆ ವ್ಯಾನಿನಲ್ಲಿ ಅಕ್ಕ ಗೇಲಿ ಮಾಡಿದ್ದಳು.

ಟೈಲರಮ್ಮ ತನ್ನ ಸೊಂಟದ ಚೀಲದಲ್ಲಿದ್ದ ಒಂದೇ ಬಾಳೆಹಣ್ಣನ್ನು ಭಾವನ ಕೈಗೆ ಕೊಟ್ಟಳು.

"ಈಗ ಅವನಿಗೆ ಯಾರು ಹೇಳೋದು?" ಎಂದ ಹತ್ನಿಮಿಷ. "ನಾಲ್ಕಕ್ಕೆ ನಾಲ್ಕೂ ಪೊರಕೆ ಬಸ್ಸಲ್ಲಿ. ಅವನು ನಮ್ಮನ್ನ ವಿಳಾಸ ಸರಿಯಿಲ್ಲ ಅಂತ ವಾಪಸ್ ಕಳಿಸ್ತಾನೆ."

"ಕೆಟ್ಟ ಸುದ್ದಿ ಹೇಳಿ ನನಗೆ ಅಭ್ಯಾಸ ಇದೆ," ಎಂದಳು ಅಕ್ಕ. "ನಾನು ಹೇಳ್ತೀನಿ."

"ಬೇಡಕ್ಕಾ. ನಾನೇ ಹೇಳ್ಬೇಕು."

ಬಸ್ಸು ಓಟದ ದಾರಿ ಬಿಟ್ಟು ಹಿಂದಿನ ರಸ್ತೆಯಿಂದ ಮೈದಾನಕ್ಕೆ ಬಂತು. ಗಂಡ ಹಗ್ಗಕ್ಕೆ ಆತು ನಿಂತಿದ್ದ, ಇವರಿಗೆ ಬೆನ್ನು ಹಾಕಿ. ಹೆಗಲ ಮೇಲೆ ಟವೆಲು, ಕಾಲ ಬಳಿ ಫ್ಲಾಸ್ಕು. ಓಟಗಾರರು ಬರುವ ದಿಕ್ಕಿಗೆ ಕತ್ತು ನೀಳಮಾಡಿ, ಒಬ್ಬೊಬ್ಬರ ಎದೆಯ ನಂಬರನ್ನೂ ಓದುತ್ತಿದ್ದ. ಹಿಂದೆ ಕಾಗದದ ಮೇಲಿನ ಊರು ಓದುತ್ತಿದ್ದುದೂ ಹೀಗೇ.

"ರೀ."

ಅವನು ತಿರುಗಿದ. ಅವಳ ಮುಖ ನೋಡಿದ. ಎದೆಯ ಮೇಲೆ ನಂಬರು ಇತ್ತು, ಕೊರಳಲ್ಲಿ ಪದಕ ಇರಲಿಲ್ಲ. ಒಂದು ಕಾಲಲ್ಲಿ ಶೂ ಇರಲಿಲ್ಲ. ಅವಳ ಹಿಂದೆ, ಬಸ್ಸಿನ ಬಾಗಿಲ ಬಳಿ ಮೂವರೂ ಮೋಡ ನೋಡುತ್ತಾ ನಿಂತಿದ್ದರು.

"ಸಾಕು ರೀ. ನನ್ನ ಕೈಲಿ ಇನ್ನಾಗಲ್ಲ."

ಅವಳು ಉಸಿರೆಳೆದುಕೊಂಡಳು. ಒಂದು ಹೇಳಿದ ಮೇಲೆ ಇನ್ನೊಂದನ್ನು ಇಟ್ಟುಕೊಳ್ಳುವ ತ್ರಾಣವೂ ಇರಲಿಲ್ಲ.

"ಹೋದ ಸಲ ಹೇಳಿದ್ನಲ್ಲ, ಹಳದಿ ಬಾಲ್ಕನಿ ಬೀದಿ. ಅದು ಇರಲಿಲ್ಲ. ನಾನೇ ಕಟ್ಟಿ ಹೇಳಿದ್ದು."

"ಬೇಕರಿ?"

"ಇರಲಿಲ್ಲ."

"ನಾಯಿ?"

"ನಾಯೀನೂ ಇರಲಿಲ್ಲ."

ಅವನು ಹಗ್ಗದ ಕಡೆಗೆ ತಿರುಗಿದ. ಒಬ್ಬ ಓಟಗಾರ ಗೆರೆ ದಾಟಿದ, ಯಾರೋ ಚಪ್ಪಾಳೆ ತಟ್ಟಿದರು.

"ನಾಯಿ ಚೆನ್ನಾಗಿತ್ತು," ಎಂದ.

ಆಮೇಲೆ ಊರುಗೋಲು ಊರಿ, ಕಾಲು ಚಾಚಿ, ಮೆಲ್ಲಗೆ ಮೈದಾನದ ಮೆಟ್ಟಿಲ ಮೇಲೆ ಕೂತ. ಪಕ್ಕದ ಜಾಗವನ್ನು ಟವೆಲಿನಿಂದ ಒರೆಸಿದ. ಅವಳು ಕೂತಳು. ಅವನು ಜೇಬಿನಿಂದ ಕತ್ತರಿ ತೆಗೆದದ್ದು ಕಂಡು ಅವಳು ಅಭ್ಯಾಸಬಲದಿಂದ ಕೈಚಾಚಿದಳು. ಅವನು ಕೊಡಲಿಲ್ಲ.

"ಅಲ್ಲಾಡಬೇಡ," ಎಂದು ನಂಬರಿನ ಹಾಳೆಯ ಒಂದು ಮೂಲೆ ಎತ್ತಿ ಹಿಡಿದ. ಇಷ್ಟು ಚಿಕ್ಕ ಕತ್ತರಿ ಹಿಡಿದು ಅವನಿಗೆ ಗೊತ್ತಿಲ್ಲ. ಹೆಬ್ಬೆರಳು ಕತ್ತರಿಯ ಬಳೆಯೊಳಗೆ ತೂರದು. ಮೊದಲ ಹೊಲಿಗೆ ತುಂಡಾಯಿತು. ಎರಡನೆಯದು ಜಾರಿತು.

"ಬಸ್ಸಲ್ಲಿ ಯಾವ ಕಡೆ ಕೂತಿದ್ದೆ?"

"ಎಡಗಡೆ. ಕಿಟಕಿ ಪಕ್ಕ."

"ಹೂಂ."

"ಒಂದು ಬೀಗದ ಅಂಗಡಿ ಇತ್ತು," ಎಂದಳು ಅವಳು. "ಅದರ ಮುಂದೆ, ನಿಮ್ಮಷ್ಟು ಎತ್ತರದ ಮರದ ಬೀಗದಕೈ..."

ಮೂಲೆಯ ಗಂಟು ಸಿಗದೆ ಅವನು ಕಣ್ಣು ಕಿರಿದುಮಾಡಿ ಇನ್ನಷ್ಟು ಬಗ್ಗಿದ. ಮಾತು ನಿಲ್ಲಿಸದೆಯೇ ಅವಳು, ಗಂಟಿನ ಮೇಲೆ ಬೆಳಕು ಬೀಳಲೆಂದು, ಭುಜವನ್ನು ಒಂದಿಷ್ಟು ಬಿಸಿಲಿನ ಕಡೆಗೆ ತಿರುಗಿಸಿ ಕೂತಳು.